ಸೋಲ್ ಸ್ಟೇಷನ್: ಹ್ಯಾಂಕ್ ಮೋಬ್ಲಿಯವರ ಜಾಝ್ ಧ್ವನಿಮುದ್ರಿಕೆ

'ಸೋಲ್ ಸ್ಟೇಷನ್' ಎಂಬುದು ಅಮೆರಿಕದ ಟೆನರ್ ಸ್ಯಾಕ್ಸೊಫೋನ್ ವಾದಕ ಹ್ಯಾಂಕ್ ಮೋಬ್ಲಿ (1930-1986) ಅವರ ಅತ್ಯಂತ ಹೆಸರಾದ ಜಾಝ್ ಧ್ವನಿಮುದ್ರಿಕೆ. 1960ರ ಫೆಬ್ರುವರಿ 7ರ ಭಾನುವಾರ, ನ್ಯೂಜೆರ್ಸಿ ರಾಜ್ಯದ ಇಂಗಲ್‌ವುಡ್ ಕ್ಲಿಫ್ಸ್ ಎಂಬ ಊರಿನಲ್ಲಿ, ಒಂದೇ ದಿನದಲ್ಲಿ ಇದರ ಮುದ್ರಣ ಮುಗಿಯಿತು. ನ್ಯೂಯಾರ್ಕಿನ ಬ್ಲೂ ನೋಟ್ ಸಂಸ್ಥೆ ಅದೇ ವರ್ಷ ಇದನ್ನು ಮಾರುಕಟ್ಟೆಗೆ ತಂದಿತು. ನಾಲ್ವರು ವಾದಕರು, ಆರು ಕೃತಿಗಳು, ಸುಮಾರು 37 ನಿಮಿಷಗಳ ಸಂಗೀತ: ಇಷ್ಟೇ ಇದರ ವ್ಯಾಪ್ತಿ. ಆದರೂ ಹಾರ್ಡ್ ಬಾಪ್ ಎಂಬ ಜಾಝ್ ಶೈಲಿಯನ್ನು ಅರಿಯಬಯಸುವವರಿಗೆ ಮೊದಲು ಸೂಚಿಸಲಾಗುವ ಮುದ್ರಿಕೆಗಳಲ್ಲಿ ಇದೂ ಒಂದು.

ಈ ಮುದ್ರಿಕೆಯ ಕಥೆಯಲ್ಲಿ ಒಂದು ವಿಪರ್ಯಾಸವಿದೆ. ಅಬ್ಬರವಿಲ್ಲದಿರುವುದೇ ಇದರ ಗುಣ. ತಮ್ಮ ಕಾಲದಲ್ಲಿ ಮೋಬ್ಲಿಯವರು ಹಿಂದೆ ಉಳಿಯಲು ಕಾರಣವಾದದ್ದೂ ಅದೇ ಗುಣ.

ಒಂದು ನೋಟದಲ್ಲಿ

ಮುದ್ರಿಕೆ: ಸೋಲ್ ಸ್ಟೇಷನ್ (ಬ್ಲೂ ನೋಟ್ ಸಂಖ್ಯೆ 4031)
ಮುದ್ರಣ ದಿನಾಂಕ: 1960ರ ಫೆಬ್ರುವರಿ 7
ಟೆನರ್ ಸ್ಯಾಕ್ಸೊಫೋನ್: ಹ್ಯಾಂಕ್ ಮೋಬ್ಲಿ
ಪಿಯಾನೊ: ವಿಂಟನ್ ಕೆಲ್ಲಿ
ಡಬಲ್ ಬಾಸ್: ಪಾಲ್ ಚೇಂಬರ್ಸ್
ಡ್ರಮ್ಸ್: ಆರ್ಟ್ ಬ್ಲೇಕಿ
ನಿರ್ಮಾಪಕ: ಆಲ್‌ಫ್ರೆಡ್ ಲಯನ್
ಧ್ವನಿಮುದ್ರಣ ತಂತ್ರಜ್ಞ: ರೂಡಿ ವ್ಯಾನ್ ಗೆಲ್ಡರ್
ಮುಖಪುಟದ ಛಾಯಾಚಿತ್ರ: ಫ್ರಾನ್ಸಿಸ್ ವುಲ್ಫ್, ವಿನ್ಯಾಸ: ರೀಡ್ ಮೈಲ್ಸ್

ಹಾರ್ಡ್ ಬಾಪ್ ಶೈಲಿ

1940ರ ದಶಕದಲ್ಲಿ ಚಾರ್ಲಿ ಪಾರ್ಕರ್, ಡಿಝಿ ಗಿಲೆಸ್ಪಿ ಮೊದಲಾದವರು ನ್ಯೂಯಾರ್ಕಿನಲ್ಲಿ ರೂಪಿಸಿದ ಶೈಲಿಗೆ ಬೀಬಾಪ್ ಎಂದು ಹೆಸರು. ಅತಿ ವೇಗದ ನಡೆ, ಕ್ಲಿಷ್ಟವಾದ ಸ್ವರ ಸಂಯೋಜನೆ, ಕುಣಿತಕ್ಕಿಂತ ಕೇಳ್ಮೆಗೆ ಒದಗುವ ಗಾಂಭೀರ್ಯ ಅದರ ಲಕ್ಷಣಗಳು. 1950ರ ದಶಕದ ಆರಂಭದಲ್ಲಿ ಇದಕ್ಕೆ ಪ್ರತಿಯಾಗಿ 'ಕೂಲ್ ಜಾಝ್' ಎಂಬ ತಣ್ಣನೆಯ ಶೈಲಿ ಬಂದಿತು. ಅಮೆರಿಕದ ಪಶ್ಚಿಮ ತೀರದ ನಗರಗಳಲ್ಲಿ ಅದಕ್ಕೆ ವಿಶೇಷ ಮನ್ನಣೆ ದೊರೆಯಿತು.

ನ್ಯೂಯಾರ್ಕ್, ಫಿಲಡೆಲ್ಫಿಯಾ, ಡೆಟ್ರಾಯಿಟ್ ನಗರಗಳ ಯುವ ಕಪ್ಪು ವಾದಕರು ಬೇರೊಂದು ದಾರಿ ಹಿಡಿದರು. ಬೀಬಾಪ್‌ನ ವಿದ್ವತ್ತನ್ನು ಅವರು ಕೈಬಿಡಲಿಲ್ಲ. ಅದರೊಡನೆ ತಮ್ಮ ಜನರ ಬ್ಲೂಸ್ ಹಾಡುಗಳ ನೋವನ್ನೂ, ಚರ್ಚುಗಳಲ್ಲಿ ಹಾಡುವ ಗಾಸ್ಪೆಲ್ ಗೀತೆಗಳ ಆವೇಶವನ್ನೂ ಬೆಸೆದರು. ಹೀಗೆ 1950ರ ದಶಕದ ಮಧ್ಯಭಾಗದಲ್ಲಿ ರೂಪುಗೊಂಡ ಶೈಲಿಯೇ ಹಾರ್ಡ್ ಬಾಪ್. ಪಿಯಾನೊ ವಾದಕ ಹೊರೇಸ್ ಸಿಲ್ವರ್ ಹಾಗೂ ಡ್ರಮ್ಸ್ ವಾದಕ ಆರ್ಟ್ ಬ್ಲೇಕಿ ಇದರ ಮುಂಚೂಣಿಯಲ್ಲಿದ್ದರು. ಅವರು ಕಟ್ಟಿದ 'ಜಾಝ್ ಮೆಸೆಂಜರ್ಸ್' ತಂಡದ ಮೊದಲ ಸ್ಯಾಕ್ಸೊಫೋನ್ ವಾದಕರೇ ಹ್ಯಾಂಕ್ ಮೋಬ್ಲಿ.

ಮುದ್ರಿಕೆಯ ಹೆಸರಿನಲ್ಲಿರುವ 'ಸೋಲ್' ಎಂಬ ಇಂಗ್ಲಿಷ್ ಪದಕ್ಕೆ ಆತ್ಮ ಎಂದರ್ಥ. ಆ ಕಾಲದ ಕಪ್ಪು ಸಂಗೀತಗಾರರ ಬಳಕೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವಿತ್ತು. ಒಳಗಿನಿಂದ ಬರುವ ಭಾವ, ಬ್ಲೂಸ್ ಮತ್ತು ಗಾಸ್ಪೆಲ್‌ಗಳಲ್ಲಿ ಬೇರೂರಿದ ನುಡಿಗಟ್ಟು ಯಾರ ವಾದನದಲ್ಲಿ ಕೇಳಿಬರುತ್ತದೆಯೋ ಅವರಲ್ಲಿ 'ಸೋಲ್' ಇದೆ ಎನ್ನುತ್ತಿದ್ದರು.

ಟೆನರ್ ಸ್ಯಾಕ್ಸೊಫೋನ್

ಸ್ಯಾಕ್ಸೊಫೋನ್ ಬೆಲ್ಜಿಯಂ ದೇಶದ ಅಡೋಲ್ಫ್ ಸ್ಯಾಕ್ಸ್ ಎಂಬ ವಾದ್ಯತಯಾರಕನ ಆವಿಷ್ಕಾರ. ಪ್ಯಾರಿಸ್‌ನಲ್ಲಿ 1846ರಲ್ಲಿ ಆತ ಇದರ ಹಕ್ಕುಪತ್ರ ಪಡೆದ. ಕೊಳವೆ ಹಿತ್ತಾಳೆಯದಾದರೂ ನಾದ ಹುಟ್ಟುವುದು ಬಾಯಿಯ ಬಳಿ ಇರುವ ಬೆತ್ತದ ತೆಳುವಾದ ಪೀಪಿಯಿಂದ. ಗಾತ್ರಕ್ಕೆ ತಕ್ಕಂತೆ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ಎಂಬ ಭೇದಗಳಿವೆ.

ಕನ್ನಡಿಗರಿಗೆ ಈ ವಾದ್ಯದ ಪರಿಚಯ ಹೆಚ್ಚಾಗಿ ಆದದ್ದು ಕದ್ರಿ ಗೋಪಾಲನಾಥ್ (1949-2019) ಅವರಿಂದ. ಕರ್ನಾಟಕ ಸಂಗೀತದ ಗಮಕಗಳನ್ನು ಅವರು ನುಡಿಸಿದ್ದು ಆಲ್ಟೊ ಸ್ಯಾಕ್ಸೊಫೋನಿನಲ್ಲಿ. ಮೋಬ್ಲಿಯವರ ಟೆನರ್ ಅದಕ್ಕಿಂತ ದೊಡ್ಡದು, ಅದರ ಸ್ಥಾಯಿ ತಗ್ಗಿನದು, ಕಂಠ ಗಂಡಸಿನ ಮಾತಿನ ಧ್ವನಿಗೆ ಹತ್ತಿರವಾದುದು.

ಜಾಝ್ ಲೋಕದಲ್ಲಿ ಟೆನರ್ ವಾದನಕ್ಕೆ ಎರಡು ಹಿರಿಯ ಮಾದರಿಗಳಿದ್ದವು. ಕೋಲ್‌ಮನ್ ಹಾಕಿನ್ಸ್ ಅವರದು ತುಂಬು ಎದೆಯ, ಭಾರವಾದ ನಾದ. ಲೆಸ್ಟರ್ ಯಂಗ್ ಅವರದು ಹಗುರವಾದ, ತೇಲುವ ನಾದ. ಮೋಬ್ಲಿಯವರ ನಾದ ಇವೆರಡರ ನಡುವಿನದು. ತಮ್ಮ ನಾದ ದೊಡ್ಡದೂ ಅಲ್ಲ, ಸಣ್ಣದೂ ಅಲ್ಲ, ದುಂಡಗಿನದು ಎಂಬುದು ಸ್ವತಃ ಅವರ ವಿವರಣೆ. ವಿಮರ್ಶಕ ಲಿಯೊನಾರ್ಡ್ ಫೆದರ್ ಅವರು ಮುಷ್ಟಿಯುದ್ಧದ ಪರಿಭಾಷೆಯನ್ನು ಎರವಲು ಪಡೆದು, ಮೋಬ್ಲಿಯವರನ್ನು ಟೆನರ್ ವಾದಕರಲ್ಲಿ ಮಧ್ಯಮ ತೂಕದ ಚಾಂಪಿಯನ್ ಎಂದು ಕರೆದರು. ಮೆಚ್ಚಿ ಆಡಿದ ಈ ಮಾತು ಮುಂದೆ ಅವರಿಗೆ ಅಂಟಿದ ಮಿತಿಯಂತೆಯೂ ಬಳಕೆಯಾಯಿತು.

ಮೋಬ್ಲಿ: ಬಾಲ್ಯ ಮತ್ತು ಬೆಳವಣಿಗೆ

ಹೆನ್ರಿ ಮೋಬ್ಲಿ 1930ರ ಜುಲೈ 7ರಂದು ಜಾರ್ಜಿಯಾ ರಾಜ್ಯದ ಈಸ್ಟ್‌ಮನ್ ಎಂಬಲ್ಲಿ ಜನಿಸಿದರು. ಬೆಳೆದದ್ದು ನ್ಯೂಜೆರ್ಸಿಯ ಎಲಿಜಬೆತ್ ನಗರದಲ್ಲಿ. ಮನೆಯಲ್ಲಿ ಸಂಗೀತವಿತ್ತು, ಬಾಲಕನ ಮೊದಲ ವಾದ್ಯ ಪಿಯಾನೊ. ಹದಿನಾರರ ಹರೆಯದಲ್ಲಿ ಕಾಯಿಲೆಯಿಂದಾಗಿ ತಿಂಗಳುಗಟ್ಟಲೆ ಮನೆಯಲ್ಲೇ ಉಳಿಯಬೇಕಾಗಿ ಬಂದಾಗ, ಹೊತ್ತು ಕಳೆಯಲೆಂದು ಅಜ್ಜಿ ಒಂದು ಸ್ಯಾಕ್ಸೊಫೋನ್ ಕೊಡಿಸಿದರು. ಗುರುವಿನ ನೆರವಿಲ್ಲದೆ ಬಹುಮಟ್ಟಿಗೆ ತಾವೇ ಅದನ್ನು ಕಲಿತರು.

ಸಂಗೀತಗಾರರಾಗಿದ್ದ ಚಿಕ್ಕಪ್ಪನೊಬ್ಬರ ಬುದ್ಧಿಮಾತನ್ನು ಮೋಬ್ಲಿ ಕೊನೆಯವರೆಗೂ ನೆನೆಯುತ್ತಿದ್ದರು. ಜೊತೆಗಾರ ಗಟ್ಟಿಯಾಗಿ ನುಡಿಸಿದರೆ ನೀನು ಮೆಲ್ಲಗೆ ನುಡಿಸು, ಅವನು ವೇಗವಾಗಿ ಹೋದರೆ ನೀನು ನಿಧಾನವಾಗಿ ಸಾಗು. ಅವನದನ್ನೇ ನೀನೂ ಮಾಡಹೊರಟರೆ ಕಷ್ಟಕ್ಕೆ ಸಿಕ್ಕಿಕೊಳ್ಳುವೆ ಎಂಬುದು ಆ ಮಾತಿನ ಸಾರ. 'ಸೋಲ್ ಸ್ಟೇಷನ್' ಕೇಳುವವರಿಗೆ ಈ ಉಪದೇಶದ ಫಲ ಕಾಣದೇ ಇರದು.

ಪಾಲ್ ಗೇಟನ್ ಅವರ ತಂಡದಲ್ಲಿ ನುಡಿಸುತ್ತಿದ್ದ ಮೋಬ್ಲಿಯವರನ್ನು ಡ್ರಮ್ಸ್ ದಿಗ್ಗಜ ಮ್ಯಾಕ್ಸ್ ರೋಚ್ 1951ರಲ್ಲಿ ತಮ್ಮ ತಂಡಕ್ಕೆ ಸೇರಿಸಿಕೊಂಡರು. 1953ರಲ್ಲಿ ಕೆಲಕಾಲ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದದಲ್ಲಿಯೂ, 1954ರಲ್ಲಿ ಡಿಝಿ ಗಿಲೆಸ್ಪಿಯವರ ತಂಡದಲ್ಲಿಯೂ ದುಡಿದರು. 1954ರ ಕೊನೆಯಲ್ಲಿ ಸಿಲ್ವರ್ ಮತ್ತು ಬ್ಲೇಕಿಯವರೊಡನೆ 'ಜಾಝ್ ಮೆಸೆಂಜರ್ಸ್' ತಂಡದ ಸ್ಥಾಪಕ ಸದಸ್ಯರಾದರು. 1956ರಲ್ಲಿ ಆ ತಂಡ ಒಡೆದಾಗ ಸಿಲ್ವರ್ ಅವರೊಡನೆ ನಡೆದರು. ತಂಡದ ಹೆಸರು ಬ್ಲೇಕಿಯವರಲ್ಲಿ ಉಳಿಯಿತು.

1955ರಿಂದ 1958ರವರೆಗೆ ಮೋಬ್ಲಿಯವರ ಮುದ್ರಿಕೆಗಳು ಒಂದರ ಬೆನ್ನಿಗೆ ಒಂದು ಬಂದವು. ಆದರೆ ಅದೇ ಅವಧಿಯಲ್ಲಿ, ಆ ಪೀಳಿಗೆಯ ಅನೇಕ ಜಾಝ್ ವಾದಕರಂತೆ, ಹೆರಾಯಿನ್ ವ್ಯಸನಕ್ಕೂ ಅವರು ತುತ್ತಾದರು. ಅದರ ಪರಿಣಾಮವಾಗಿ ಕಾರಾಗೃಹವಾಸವನ್ನೂ ಅನುಭವಿಸಿದರು. 1959ರಲ್ಲಿ ಕೆಲವು ತಿಂಗಳು ಬ್ಲೇಕಿಯವರ ತಂಡಕ್ಕೆ ಮರಳಿದರು. ಆ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ 'ಬರ್ಡ್‌ಲ್ಯಾಂಡ್' ಕ್ಲಬ್ಬಿನಲ್ಲಿ ಆ ತಂಡ ನೀಡಿದ ಕಛೇರಿಯ ಮುದ್ರಣ ಇಂದಿಗೂ ಲಭ್ಯವಿದೆ. ಬಳಿಕ ಅವರ ಸ್ಥಾನಕ್ಕೆ ವೇಯ್ನ್ ಶಾರ್ಟರ್ ಬಂದರು. 'ಸೋಲ್ ಸ್ಟೇಷನ್' ಮುದ್ರಣಗೊಂಡಾಗ ಮೋಬ್ಲಿಯವರಿಗೆ 29 ವರ್ಷ. ಹಿಂದೆ ಬಿಟ್ಟುಹೋದ ದಾರಿಯನ್ನು ಮತ್ತೆ ಹಿಡಿಯಬೇಕಾದ ಸಂದರ್ಭ ಅದು.

ಬ್ಲೂ ನೋಟ್ ಮತ್ತು ವ್ಯಾನ್ ಗೆಲ್ಡರ್

ಬ್ಲೂ ನೋಟ್ ಸಂಸ್ಥೆ ಆರಂಭವಾದದ್ದು 1939ರಲ್ಲಿ. ಬರ್ಲಿನ್ ನಗರದಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ ಆಲ್‌ಫ್ರೆಡ್ ಲಯನ್ ಇದರ ಸ್ಥಾಪಕರಲ್ಲಿ ಪ್ರಮುಖರು. ಅವರ ಬಾಲ್ಯಮಿತ್ರ ಫ್ರಾನ್ಸಿಸ್ ವುಲ್ಫ್ ನಾಟ್ಸಿ ಆಡಳಿತದಿಂದ ತಪ್ಪಿಸಿಕೊಂಡು ಬಂದು ಜೊತೆಗೂಡಿದರು. ಸಂಗೀತದ ನಿರ್ಮಾಣ ಲಯನ್ ಅವರದಾದರೆ, ಮುದ್ರಣದ ವೇಳೆ ವಾದಕರ ಛಾಯಾಚಿತ್ರ ತೆಗೆಯುವುದು ವುಲ್ಫ್ ಅವರ ಪಾಲಿನ ಕೆಲಸ.

ಬೇರೆ ಸಣ್ಣ ಕಂಪನಿಗಳಿಗೂ ಬ್ಲೂ ನೋಟ್‌ಗೂ ಒಂದು ವ್ಯತ್ಯಾಸವಿತ್ತು. ಮುದ್ರಣಕ್ಕೆ ಮುನ್ನ ನಡೆಯುವ ಪೂರ್ವಾಭ್ಯಾಸಕ್ಕೂ ಈ ಸಂಸ್ಥೆ ವಾದಕರಿಗೆ ಸಂಭಾವನೆ ಕೊಡುತ್ತಿತ್ತು. ಆದ್ದರಿಂದ ಹೊಸ ಕೃತಿಗಳನ್ನು ರಚಿಸಿ, ತಿದ್ದಿ, ಹದಗೊಳಿಸಿದ ಮೇಲೆ ಮುದ್ರಿಸಲು ಸಾಧ್ಯವಾಗುತ್ತಿತ್ತು. ಸ್ವಂತ ರಚನೆಗಳಿದ್ದ ಮೋಬ್ಲಿಯವರಂಥವರಿಗೆ ಇದು ವರವಾಯಿತು.

ಇನ್ನೊಂದು ಕಾರಣ ರೂಡಿ ವ್ಯಾನ್ ಗೆಲ್ಡರ್ (1924-2016). ವೃತ್ತಿಯಿಂದ ಅವರು ಕಣ್ಣು ಪರೀಕ್ಷಿಸಿ ಕನ್ನಡಕ ಸೂಚಿಸುವ ತಜ್ಞರು. ಹ್ಯಾಕೆನ್‌ಸ್ಯಾಕ್ ಊರಿನಲ್ಲಿದ್ದ ತಮ್ಮ ತಂದೆತಾಯಿಯ ಮನೆಯ ಹಜಾರವನ್ನೇ ಸ್ಟುಡಿಯೊ ಮಾಡಿಕೊಂಡು, ಬಿಡುವಿನ ವೇಳೆಯಲ್ಲಿ ಧ್ವನಿಮುದ್ರಣ ಮಾಡುತ್ತಿದ್ದರು. 1959ರಲ್ಲಿ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಸಿ ಪೂರ್ಣಾವಧಿಗೆ ಇದೇ ಕಸುಬಿಗೆ ಇಳಿದರು. ಮರದ ತೊಲೆಗಳ ಆ ಕಟ್ಟಡದ ಛಾವಣಿ 39 ಅಡಿ ಎತ್ತರದ್ದು. ನೋಡಿದವರು ಅದನ್ನು ಚರ್ಚಿಗೆ ಹೋಲಿಸುತ್ತಿದ್ದರು. 'ಸೋಲ್ ಸ್ಟೇಷನ್' ಮುದ್ರಣವಾದಾಗ ಆ ಸ್ಟುಡಿಯೊಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಸ್ಯಾಕ್ಸೊಫೋನಿನ ಉಸಿರು, ಬಾಸ್ ತಂತಿಯ ಮಿಡಿತ, ತಾಳದ ತಟ್ಟೆಯ ಮೇಲೆ ಕಡ್ಡಿ ಬಿದ್ದ ಸದ್ದು ಇವೆಲ್ಲ ಒಂದನ್ನೊಂದು ನುಂಗದೆ ಬೇರೆ ಬೇರೆಯಾಗಿ ಕೇಳಿಸುವುದು ವ್ಯಾನ್ ಗೆಲ್ಡರ್ ಅವರ ಕೈಚಳಕ.

ಜೊತೆಗಾರರು

ಜಾಝ್‌ನಲ್ಲಿ ಪಿಯಾನೊ, ಬಾಸ್, ಡ್ರಮ್ಸ್ ಸೇರಿದ ಗುಂಪನ್ನು ಲಯ ವಿಭಾಗ ಎನ್ನುತ್ತಾರೆ. ಮುಂದೆ ನಿಂತು ನುಡಿಸುವವನಿಗೆ ನೆಲ ಒದಗಿಸುವವರು ಇವರೇ. ಈ ಮುದ್ರಿಕೆಯ ಲಯ ವಿಭಾಗ ಆ ಕಾಲದ ಅತ್ಯುತ್ತಮವಾದವುಗಳಲ್ಲಿ ಒಂದು.

ಪಿಯಾನೊ ನುಡಿಸಿದ ವಿಂಟನ್ ಕೆಲ್ಲಿ (1931-1971) ಹಾಗೂ ಬಾಸ್ ನುಡಿಸಿದ ಪಾಲ್ ಚೇಂಬರ್ಸ್ (1935-1969) ಆಗ ಕಹಳೆ ವಾದಕ ಮೈಲ್ಸ್ ಡೇವಿಸ್ ಅವರ ತಂಡದಲ್ಲಿದ್ದವರು. ಡೇವಿಸ್ ಅವರ ಲೋಕಪ್ರಸಿದ್ಧ 'ಕೈಂಡ್ ಆಫ್ ಬ್ಲೂ' (1959) ಮುದ್ರಿಕೆಯ ಎಲ್ಲ ಕೃತಿಗಳಲ್ಲಿಯೂ ಚೇಂಬರ್ಸ್ ಇದ್ದಾರೆ. ಒಂದು ಕೃತಿಯಲ್ಲಿ ಕೆಲ್ಲಿ ನುಡಿಸಿದ್ದಾರೆ. ಕೆಲ್ಲಿಯವರ ಬೆರಳುಗಳಲ್ಲಿ ಸದಾ ಒಂದು ಉಲ್ಲಾಸವಿತ್ತು. ಚೇಂಬರ್ಸ್ ಅವರ ಬಾಸ್ ನಡಿಗೆ ಅವಸರವೂ ಇಲ್ಲದ, ಆಲಸ್ಯವೂ ಇಲ್ಲದ ನಡಿಗೆ.

ಆರ್ಟ್ ಬ್ಲೇಕಿ (1919-1990) ಮೋಬ್ಲಿಗಿಂತ ಹನ್ನೊಂದು ವರ್ಷ ಹಿರಿಯರು. ಗುಡುಗಿನಂಥ ಡ್ರಮ್ಸ್‌ಗೆ ಹೆಸರಾದವರು. ಅವರ ಮುಂದೆ ನಿಂತ ಅನೇಕ ಯುವಕರು ಆ ಗುಡುಗಿಗೆ ಸಮನಾಗಿ ಕೂಗಬೇಕಾಗುತ್ತಿತ್ತು. 'ಸೋಲ್ ಸ್ಟೇಷನ್'ನಲ್ಲಿ ಬ್ಲೇಕಿ ತಮ್ಮ ಬಲವನ್ನು ಅಡಗಿಸಿಕೊಂಡು ನುಡಿಸಿದ್ದಾರೆ. ಮೋಬ್ಲಿಯವರ ಒಂದು ನುಡಿ ಮುಗಿಯುವ ಕ್ಷಣವನ್ನು ಕಾದು, ಅಲ್ಲಿ ಒಂದು ಪೆಟ್ಟಿಟ್ಟು, ಮುಂದಿನ ನುಡಿಗೆ ದಾರಿ ಬಿಡುತ್ತಾರೆ.

ಈ ನಾಲ್ವರು ಮೊದಲೂ ಒಂದೆಡೆ ಸೇರಿದ್ದರು. 1957ರ ಏಪ್ರಿಲ್‌ನಲ್ಲಿ ಜಾನಿ ಗ್ರಿಫಿನ್ ಅವರ 'ಎ ಬ್ಲೋಯಿಂಗ್ ಸೆಷನ್' ಮುದ್ರಿಕೆಯಲ್ಲಿ ಇದೇ ಲಯ ವಿಭಾಗದೆದುರು ಗ್ರಿಫಿನ್, ಜಾನ್ ಕೋಲ್ಟ್ರೇನ್ ಮತ್ತು ಮೋಬ್ಲಿ ಎಂಬ ಮೂವರು ಟೆನರ್ ವಾದಕರೂ ಕಹಳೆಯ ಲೀ ಮಾರ್ಗನ್ ಅವರೂ ನಿಂತಿದ್ದರು. ಅದು ಜಂಗೀಕುಸ್ತಿಯ ಅಖಾಡದಂತಹ ಮುದ್ರಿಕೆ. ಗ್ರಿಫಿನ್ ಅವರ ವೇಗ, ಕೋಲ್ಟ್ರೇನ್ ಅವರ ಆವೇಶಗಳ ನಡುವೆ ಮೋಬ್ಲಿಯವರ ಮಾತು ಹಲವರ ಕಿವಿಗೆ ಬೀಳಲಿಲ್ಲ. ಮೂರು ವರ್ಷಗಳ ನಂತರ ಅದೇ ಲಯ ವಿಭಾಗ, ಆದರೆ ಎದುರಿಗೆ ಸ್ಪರ್ಧಿಗಳಾರೂ ಇಲ್ಲ. ಮತ್ತೊಂದು ಸ್ಯಾಕ್ಸೊಫೋನಾಗಲಿ ಕಹಳೆಯಾಗಲಿ ಇಲ್ಲದ ಈ ಚತುಷ್ಟಯವೇ ಮುದ್ರಿಕೆಯ ಯಶಸ್ಸಿನ ಮೊದಲ ಗುಟ್ಟು.

ಆರು ಕೃತಿಗಳು

ಎಲ್‌ಪಿ ತಟ್ಟೆಯ ಎರಡು ಬದಿಗಳಲ್ಲಿ ಮೂರು ಮೂರರಂತೆ ಆರು ಕೃತಿಗಳಿವೆ. ಮೊದಲನೆಯದೂ ಕೊನೆಯದೂ ಹಳೆಯ ಜನಪ್ರಿಯ ಗೀತೆಗಳು. ನಡುವಿನ ನಾಲ್ಕು ಮೋಬ್ಲಿಯವರ ಸ್ವಂತ ರಚನೆಗಳು.

'ರಿಮೆಂಬರ್': ಇರ್ವಿಂಗ್ ಬರ್ಲಿನ್ 1925ರಲ್ಲಿ ರಚಿಸಿದ ಗೀತೆ. ಮೂಲದಲ್ಲಿ ಇದು ಮೂರು ಪೆಟ್ಟುಗಳ ವಾಲ್ಟ್ಸ್ ನಡೆಯದು, ಅಗಲಿಕೆಯ ದುಃಖದ್ದು. ಮೋಬ್ಲಿ ಇದನ್ನು ನಾಲ್ಕು ಪೆಟ್ಟುಗಳ ಮಧ್ಯಮ ನಡೆಗೆ ಅಳವಡಿಸಿದರು. ದುಃಖ ಕರಗಿ, ಹಳೆಯದನ್ನು ನಗುತ್ತ ನೆನೆಯುವ ಭಾವ ಉಳಿಯಿತು. ಮೋಬ್ಲಿಯವರ ನಾದವನ್ನು ಮೊದಲ ಬಾರಿಗೆ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಪ್ರವೇಶದ್ವಾರವಿಲ್ಲ.

'ದಿಸ್ ಐ ಡಿಗ್ ಆಫ್ ಯೂ': ಮೋಬ್ಲಿಯವರ ರಚನೆಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು. ಚುರುಕಾದ ನಡೆ. ಮೊದಲು ಕೆಲ್ಲಿಯವರ ಪಿಯಾನೊ, ಅನಂತರ ಮೋಬ್ಲಿ, ಆಮೇಲೆ ಬ್ಲೇಕಿಯವರ ತನಿ. ಜಾಝ್ ಕಲಿಯುವ ವಿದ್ಯಾರ್ಥಿಗಳು ಇಂದಿಗೂ ಈ ಕೃತಿಯನ್ನೂ ಇದರಲ್ಲಿನ ಟೆನರ್ ವಾದನವನ್ನೂ ಅಭ್ಯಾಸ ಮಾಡುತ್ತಾರೆ. ಕಲ್ಪನೆಯ ಒಂದು ಎಳೆ ಹೇಗೆ ಹುಟ್ಟಿ, ತಿರುಗಿ, ಮರಳಿ ತನ್ನ ಮೂಲಕ್ಕೆ ಸೇರುತ್ತದೆಂಬುದಕ್ಕೆ ಇದು ಪಾಠದಂತಿದೆ.

'ಡಿಗ್ ಡಿಸ್': 12 ಬಾರ್‌ಗಳ ಬ್ಲೂಸ್. ಬಾರ್ ಒಂದಕ್ಕೆ ನಾಲ್ಕು ಪೆಟ್ಟಿನಂತೆ 48 ಪೆಟ್ಟುಗಳ ಆವರ್ತವೊಂದು ಮತ್ತೆ ಮತ್ತೆ ಸುತ್ತುತ್ತದೆ. ಅದರ ಚೌಕಟ್ಟಿನೊಳಗೆ ವಾದಕ ತನ್ನ ಮನೋಧರ್ಮವನ್ನು ತೋರಬೇಕು. ಕೆಲ್ಲಿಯವರ ಪಿಯಾನೊದಿಂದ ಆರಂಭವಾಗುವ ಈ ಕೃತಿಯಲ್ಲಿ ಹಾರ್ಡ್ ಬಾಪ್‌ನ ಮಣ್ಣಿನ ಗುಣ ಸ್ಪಷ್ಟವಾಗಿದೆ.

'ಸ್ಪ್ಲಿಟ್ ಫೀಲಿನ್ಸ್': ಹೆಸರೇ ಸೂಚಿಸುವಂತೆ ಇಬ್ಭಾಗವಾದ ಭಾವ. ಲ್ಯಾಟಿನ್ ಅಮೆರಿಕದ ಲಯವೂ ಜಾಝ್‌ನ ಸಹಜವಾದ ಸ್ವಿಂಗ್ ನಡೆಯೂ ಸರದಿಯಂತೆ ಬರುತ್ತವೆ. ಐದು ನಿಮಿಷದೊಳಗೆ ಮುಗಿಯುವ ಇದು ಮುದ್ರಿಕೆಯ ಅತಿ ಚಿಕ್ಕ ಕೃತಿ. ಲಯ ಬದಲಾದಾಗಲೆಲ್ಲ ಬ್ಲೇಕಿಯವರ ಕೈ ಹೇಗೆ ಹೊರಳುತ್ತದೆಂಬುದನ್ನು ಗಮನಿಸಬೇಕು.

'ಸೋಲ್ ಸ್ಟೇಷನ್': ಶೀರ್ಷಿಕೆ ಕೃತಿ. ಒಂಬತ್ತು ನಿಮಿಷಗಳ ಉದ್ದ, ವಿಳಂಬಕ್ಕೆ ಸಮೀಪದ ನಡೆ, ಬ್ಲೂಸ್ ಛಾಯೆ. ಇಲ್ಲಿ ಯಾರಿಗೂ ಆತುರವಿಲ್ಲ. ಮೋಬ್ಲಿ ಪೆಟ್ಟಿನ ಮೇಲೆಯೇ ಬೀಳದೆ, ಕೂದಲೆಳೆಯಷ್ಟು ಹಿಂದೆ ಉಳಿದು ನುಡಿಸುತ್ತಾರೆ. ಒಂದು ನುಡಿ ಆಡಿ, ತಡೆದು, ಅದಕ್ಕೆ ತಾವೇ ಉತ್ತರ ಕೊಡುತ್ತಾರೆ. ಸಂಜೆ ಜಗಲಿಯ ಮೇಲೆ ಕುಳಿತ ಹಿರಿಯರ ಮಾತಿನಂತೆ ಇದು ಸಾಗುತ್ತದೆ. ಕೇಳುವವನೂ ಆತುರ ಮರೆಯುತ್ತಾನೆ.

'ಇಫ್ ಐ ಶುಡ್ ಲೂಸ್ ಯೂ': ರಾಲ್ಫ್ ರೇಂಜರ್ ಮತ್ತು ಲಿಯೊ ರಾಬಿನ್ 'ರೋಸ್ ಆಫ್ ದ ರ್‍ಯಾಂಚೊ' ಎಂಬ ಹಾಲಿವುಡ್ ಚಿತ್ರಕ್ಕಾಗಿ ರಚಿಸಿದ ಗೀತೆ. ಸಾಮಾನ್ಯವಾಗಿ ನಿಧಾನಗತಿಯಲ್ಲಿ ಹಾಡುವ ಈ ವಿರಹಗೀತೆಯನ್ನು ಮೋಬ್ಲಿ ಮಧ್ಯಮ ಗತಿಯಲ್ಲಿ ನುಡಿಸಿ ಮುದ್ರಿಕೆಯನ್ನು ಮುಕ್ತಾಯಗೊಳಿಸುತ್ತಾರೆ. ಹೀಗೆ ಅಗಲಿಕೆಯ ಎರಡು ಗೀತೆಗಳ ನಡುವೆ ಇಡೀ ಮುದ್ರಿಕೆ ನಿಂತಿದೆ. ಎರಡರಲ್ಲಿಯೂ ಅಳುವಿಲ್ಲ.

ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು. ಮೋಬ್ಲಿಯವರ ನಾದ ಮೃದುವಾಗಿದೆಯೆಂದು ಅವರ ಲಯಜ್ಞಾನವೂ ಸರಳವೆಂದು ಭಾವಿಸಬಾರದು. ಬಾರ್‌ನ ಗಡಿಯನ್ನು ದಾಟಿ ಹೋಗುವ ನುಡಿಗಳು, ನಿರೀಕ್ಷೆಯ ಸ್ಥಾನ ತಪ್ಪಿಸಿ ಬೇರೆಡೆ ಬೀಳುವ ಒತ್ತುಗಳು, ತಪ್ಪದ ಎಡುಪಿನಂತೆ ಸರಿಯಾದ ಜಾಗಕ್ಕೆ ಬಂದು ಸೇರುವ ಮುಕ್ತಾಯಗಳು ಆ ಮೃದುತ್ವದ ಒಳಗೇ ಅಡಗಿವೆ. ಮೊದಲ ಸಲ ಕೇಳಿದಾಗ ಸುಲಭವೆನಿಸಿದ್ದು ಹತ್ತನೆಯ ಸಲ ಕೇಳಿದಾಗ ಕಠಿಣವೆಂದು ತಿಳಿಯುತ್ತದೆ.

ಕಾಲದ ಎದುರು ಮೋಬ್ಲಿ

ಇಷ್ಟು ಒಳ್ಳೆಯ ಮುದ್ರಿಕೆ ಬಂದರೂ ಮೋಬ್ಲಿಯವರಿಗೆ ತಾರಾಪಟ್ಟ ದೊರೆಯಲಿಲ್ಲ. ಅದಕ್ಕೆ ಆ ಕಾಲದ ಪರಿಸ್ಥಿತಿಯನ್ನು ನೋಡಬೇಕು. 1959ರ ಮೇ ತಿಂಗಳಲ್ಲಿ ಕೋಲ್ಟ್ರೇನ್ ತಮ್ಮ 'ಜಯಂಟ್ ಸ್ಟೆಪ್ಸ್' ಕೃತಿಯನ್ನು ಮುದ್ರಿಸಿ, ಟೆನರ್ ವಾದನದ ವೇಗ ಮತ್ತು ಕ್ಲಿಷ್ಟತೆಗೆ ಹೊಸ ಎಲ್ಲೆ ಹಾಕಿದರು. ಅದೇ ವರ್ಷದ ನವೆಂಬರ್‌ನಲ್ಲಿ ಆರ್ನೆಟ್ ಕೋಲ್‌ಮನ್ ನ್ಯೂಯಾರ್ಕಿನ 'ಫೈವ್ ಸ್ಪಾಟ್' ಕ್ಲಬ್ಬಿಗೆ ಬಂದು, ರೂಢಿಯ ಸ್ವರಬಂಧಗಳನ್ನೇ ಕಳಚಿಟ್ಟ ಸಂಗೀತದಿಂದ ವಾದವಿವಾದ ಎಬ್ಬಿಸಿದರು. ಟೆನರ್‌ನ ಇನ್ನೊಬ್ಬ ದಿಗ್ಗಜ ಸನ್ನಿ ರಾಲಿನ್ಸ್ ಕಛೇರಿಗಳನ್ನೇ ನಿಲ್ಲಿಸಿ, ವಿಲಿಯಮ್ಸ್‌ಬರ್ಗ್ ಸೇತುವೆಯ ಮೇಲೆ ಏಕಾಂತ ಸಾಧನೆಯಲ್ಲಿ ತೊಡಗಿದ್ದರು.

ಎಲ್ಲರ ಕಣ್ಣು ಹೊಸತನದ ಮೇಲಿತ್ತು. ಇರುವ ಭಾಷೆಯನ್ನೇ ಇನ್ನಷ್ಟು ಚೊಕ್ಕಟವಾಗಿ ಆಡಬಲ್ಲವನತ್ತ ನೋಡುವವರು ಕಡಿಮೆ.

1961ರಲ್ಲಿ ಮೋಬ್ಲಿಯವರಿಗೆ ದೊಡ್ಡ ಅವಕಾಶವೊಂದು ಬಂದಿತು. ಮೈಲ್ಸ್ ಡೇವಿಸ್ ತಂಡದಲ್ಲಿ, ಕೋಲ್ಟ್ರೇನ್ ಬಿಟ್ಟುಹೋದ ಟೆನರ್ ಸ್ಥಾನ. ಕೆಲ್ಲಿ, ಚೇಂಬರ್ಸ್ ಇಬ್ಬರೂ ಅಲ್ಲಿಯೇ ಇದ್ದರು. 1961ರ ಮಾರ್ಚ್‌ನಲ್ಲಿ ಮುದ್ರಣವಾದ 'ಸಮ್‌ಡೇ ಮೈ ಪ್ರಿನ್ಸ್ ವಿಲ್ ಕಮ್' ಎಂಬ ಮುದ್ರಿಕೆಯ ಶೀರ್ಷಿಕೆ ಕೃತಿಯಲ್ಲಿ ಮೋಬ್ಲಿಯವರೂ ನುಡಿಸಿದರು, ಅತಿಥಿಯಾಗಿ ಬಂದ ಕೋಲ್ಟ್ರೇನ್ ಅವರೂ ನುಡಿಸಿದರು. ಹೋಲಿಕೆ ತಪ್ಪಲಿಲ್ಲ. ಅದೇ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ 'ಬ್ಲ್ಯಾಕ್‌ಹಾಕ್' ಕ್ಲಬ್ಬಿನಲ್ಲಿಯೂ, ಮೇ ತಿಂಗಳಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿಯೂ ನಡೆದ ಕಛೇರಿಗಳ ಮುದ್ರಣಗಳು ಬಂದವು. ಮೋಬ್ಲಿಯವರ ಜೊತೆ ನುಡಿಸುವಾಗ ತಮ್ಮ ಕಲ್ಪನೆಗೆ ಚಾಲನೆ ಸಿಗುತ್ತಿರಲಿಲ್ಲವೆಂದು ಡೇವಿಸ್ ಮುಂದೆ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡರು. ಆ ಮಾತು ಮೋಬ್ಲಿಯವರ ಹೆಸರಿಗೆ ಬಹುಕಾಲ ನೆರಳಾಯಿತು. ಬ್ಲ್ಯಾಕ್‌ಹಾಕ್ ಮುದ್ರಣಗಳನ್ನು ಇಂದು ಕೇಳಿದವರಿಗೆ ಆ ತೀರ್ಪು ಕಠೋರವೆನಿಸಿದರೆ ಆಶ್ಚರ್ಯವಿಲ್ಲ.

ನಂತರದ ಬದುಕು

'ಸೋಲ್ ಸ್ಟೇಷನ್' ನಂತರದ ಎರಡು ವರ್ಷ ಮೋಬ್ಲಿಯವರ ಸೃಷ್ಟಿಯ ಉಚ್ಛ್ರಾಯ ಕಾಲ. 1960ರ ನವೆಂಬರ್‌ನಲ್ಲಿ 'ರೋಲ್ ಕಾಲ್' ಮುದ್ರಣವಾಯಿತು. ಅದೇ ನಾಲ್ವರ ಜೊತೆಗೆ ಕಹಳೆಯ ಫ್ರೆಡಿ ಹಬ್ಬರ್ಡ್ ಸೇರಿಕೊಂಡರು. 1961ರ ಮಾರ್ಚ್‌ನಲ್ಲಿ 'ವರ್ಕೌಟ್', ಡಿಸೆಂಬರ್‌ನಲ್ಲಿ 'ಅನದರ್ ವರ್ಕೌಟ್' ಮುದ್ರಣಗೊಂಡವು. ಕೊನೆಯದು ಮಾತ್ರ ಸಂಸ್ಥೆಯ ಉಗ್ರಾಣದಲ್ಲಿ ಉಳಿದು 1985ರಲ್ಲಿ ಬೆಳಕು ಕಂಡಿತು.

1960ರ ದಶಕದ ಮಧ್ಯದಲ್ಲಿ ಮತ್ತೆ ಸೆರೆಮನೆ. ಹೊರಬಂದ ಮೇಲೆ ನಾದ ಸ್ವಲ್ಪ ಗಡುಸಾಯಿತು. 'ಡಿಪ್ಪಿನ್' (1965) ಮೊದಲಾದ ಮುದ್ರಿಕೆಗಳು ಬಂದವು. 1966ರಲ್ಲಿ ಹೆಚ್ಚು ವಾದ್ಯಗಳ ವೃಂದದೊಡನೆ ಮುದ್ರಿಸಿದ 'ಎ ಸ್ಲೈಸ್ ಆಫ್ ದ ಟಾಪ್' ಮಹತ್ವಾಕಾಂಕ್ಷೆಯ ಕೃತಿ. ಅದು ಹೊರಬಂದದ್ದು 1979ರಲ್ಲಿ, ಹದಿಮೂರು ವರ್ಷ ತಡವಾಗಿ. 1970ರಲ್ಲಿ ಮುದ್ರಿಸಿದ 'ಥಿಂಕಿಂಗ್ ಆಫ್ ಹೋಮ್' 1980ರಲ್ಲಿ ಬಂದಿತು.

ಈ ದಿನಾಂಕಗಳ ಹಿಂದೆ ಒಂದು ಕಹಿ ಸತ್ಯವಿದೆ. ಮುದ್ರಿಕೆಗಳು ಒಂದೊಂದಾಗಿ ಹೊರಬರುತ್ತಿದ್ದ ಕಾಲಕ್ಕೆ ಮೋಬ್ಲಿ ನುಡಿಸುವ ಸ್ಥಿತಿಯಲ್ಲಿರಲಿಲ್ಲ. ಪಿಯಾನೊ ವಾದಕ ಸೀಡರ್ ವಾಲ್ಟನ್ ಅವರೊಡನೆ 1972ರಲ್ಲಿ ಮುದ್ರಿಸಿದ 'ಬ್ರೇಕ್‌ಥ್ರೂ' ನಂತರ ಅವರ ಧ್ವನಿಮುದ್ರಣ ಬಹುತೇಕ ನಿಂತಿತು. ಶ್ವಾಸಕೋಶದ ತೊಂದರೆಯಿಂದಾಗಿ 1970ರ ದಶಕದ ಮಧ್ಯಭಾಗದಲ್ಲಿ ವಾದನದಿಂದ ನಿವೃತ್ತರಾಗಬೇಕಾಯಿತು. ಉಸಿರೇ ಬಂಡವಾಳವಾದ ವಾದಕನಿಗೆ ಉಸಿರೇ ಕೈಕೊಟ್ಟಿತು. ಫಿಲಡೆಲ್ಫಿಯಾದಲ್ಲಿ ಬಡತನದಲ್ಲಿ ದಿನ ಕಳೆದರು. 1986ರಲ್ಲಿ ಪಿಯಾನೊ ವಾದಕ ಡ್ಯೂಕ್ ಜೋರ್ಡಾನ್ ಅವರೊಡನೆ ಅಲ್ಪಕಾಲ ವೇದಿಕೆ ಏರಿದ್ದೇ ಕೊನೆ. ಆ ವರ್ಷದ ಮೇ 30ರಂದು ನಿಧನ ಹೊಂದಿದಾಗ ಅವರಿಗೆ 55 ವರ್ಷ. ಚೇಂಬರ್ಸ್ 33ನೇ ವಯಸ್ಸಿನಲ್ಲಿ, ಕೆಲ್ಲಿ 39ನೇ ವಯಸ್ಸಿನಲ್ಲಿ ಅದಕ್ಕೆ ಮೊದಲೇ ತೀರಿಕೊಂಡಿದ್ದರು. 70 ದಾಟಿ ಬಾಳಿದವರು ನಾಲ್ವರಲ್ಲಿ ಬ್ಲೇಕಿ ಒಬ್ಬರೇ.

ಮರಳಿ ಬಂದ ಮನ್ನಣೆ

ಮೋಬ್ಲಿಯವರ ಮರಣದ ನಂತರ, ಸಿ.ಡಿ.ಗಳ ಯುಗದಲ್ಲಿ ಬ್ಲೂ ನೋಟ್‌ನ ಹಳೆಯ ಮುದ್ರಿಕೆಗಳು ಹೊಸ ಕೇಳುಗರನ್ನು ತಲುಪಿದವು. 1999ರಲ್ಲಿ ಸ್ವತಃ ವ್ಯಾನ್ ಗೆಲ್ಡರ್ ಮೂಲ ಟೇಪುಗಳಿಂದ 'ಸೋಲ್ ಸ್ಟೇಷನ್'ನ ಹೊಸ ಆವೃತ್ತಿಯನ್ನು ಸಿದ್ಧಪಡಿಸಿದರು. ಆ ಬಳಿಕವೂ ಇದು ಸಿ.ಡಿ.ಯಾಗಿ, ಎಲ್‌ಪಿಯಾಗಿ ಹಲವು ಬಾರಿ ಮರುಮುದ್ರಣ ಕಂಡಿದೆ. ಅಂತರ್ಜಾಲದಲ್ಲಿ ಸಂಗೀತ ಕೇಳಿಸುವ ಸೇವೆಗಳಲ್ಲಿಯೂ ದೊರೆಯುತ್ತದೆ. ರಾಲಿನ್ಸ್ ಅವರ 'ಸ್ಯಾಕ್ಸೊಫೋನ್ ಕೊಲೋಸಸ್' (1956), ಕೋಲ್ಟ್ರೇನ್ ಅವರ 'ಬ್ಲೂ ಟ್ರೇನ್' (1957), ಡೆಕ್ಸ್‌ಟರ್ ಗಾರ್ಡನ್ ಅವರ 'ಗೋ' (1962) ಮುದ್ರಿಕೆಗಳ ಸಾಲಿನಲ್ಲಿ ಈಗ ಇದನ್ನೂ ನಿಲ್ಲಿಸಲಾಗುತ್ತದೆ.

ಆ ಮೂರರಲ್ಲಿ ಇಲ್ಲದ ಒಂದು ಗುಣ ಇದರಲ್ಲಿದೆ. ಅವು ಕೇಳುಗನನ್ನು ಬೆರಗುಗೊಳಿಸುತ್ತವೆ. ಇದು ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಗಟ್ಟಿಯಾಗಿ ನುಡಿಸುವವರ ಕಾಲದಲ್ಲಿ ಮೆಲ್ಲಗೆ ನುಡಿಸಿದ್ದಕ್ಕೆ ಮೋಬ್ಲಿ ಬೆಲೆ ತೆತ್ತರು. ಆದರೆ ಆ ಮೆಲ್ದನಿಯಿಂದಾಗಿಯೇ ಈ ಮುದ್ರಿಕೆ ಹಳತಾಗಲಿಲ್ಲ.

ಜಾಝ್‌ಗೆ ಹೊಸಬರಾದವರು 'ರಿಮೆಂಬರ್'ನಿಂದ ಆರಂಭಿಸಿ, ಬಳಿಕ ಶೀರ್ಷಿಕೆ ಕೃತಿಗೆ ಬರುವುದು ಒಳಿತು. ಮೊದಲ ಸಲ ಸ್ಯಾಕ್ಸೊಫೋನನ್ನಷ್ಟೇ ಹಿಂಬಾಲಿಸಿ, ಎರಡನೆಯ ಸಲ ಚೇಂಬರ್ಸ್ ಅವರ ಬಾಸನ್ನು ಮಾತ್ರ ಹಿಡಿದು ಕೇಳಿದರೆ, ನಾಲ್ವರು ಒಬ್ಬರಿಗೊಬ್ಬರು ಎಡೆ ಬಿಟ್ಟುಕೊಡುವ ಬಗೆ ತಿಳಿಯುತ್ತದೆ. ಮೂರನೆಯ ಸಲಕ್ಕೆ ಯಾರ ಸೂಚನೆಯೂ ಬೇಕಾಗುವುದಿಲ್ಲ.